ಚಳಿಯಲ್ಲೇ ಮೊಳೆಯಬೇಕಾದ ಭತ್ತ

ಬಾಳೂರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಳ್ಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತ ಸರ್ವಮಂಗಳಾ ನೀರೊಳಗೆ ಕೈಯಾಡಿಸುತ್ತಾರೆ. ಬೀಜ ಹಾಕಿ ಮುಳುಗಿಸಿಟ್ಟಿದ್ದ ಟ್ರೇಗಳು ಅಲ್ಲಿಲ್ಲ. ವಸ್ತಾರೆಯ ತಂಗಿ ಮನೆಯಲ್ಲಿ ಎರಡು ರಾತ್ರಿ ಉಳಿದು ಬಂದದ್ದೇ ತಪ್ಪಾಗಿದೆ.

ಸಿಗುವುದು ಶೆಡ್ಡಿನ ಬಚ್ಚಲಲ್ಲಿ, ಒಲೆಯ ಪಕ್ಕ, ಗೋಣಿಚೀಲದ ಕೆಳಗೆ. ಒಂದು ಕಾಳೂ ಬಿಡದೆ ಮೊಳೆತಿದೆ. ಬೇರೆಯವರಾದರೆ ಕೈಮುಗಿಯುತ್ತಿದ್ದರು, ಇವರು ತಲೆ ಮೇಲೆ ಕೈಹೊತ್ತು ಕೂರುತ್ತಾರೆ.

"ಚಳೀಲಿ ಬಿದ್ದಿದ್ವು ಅಮ್ಮಾ, ನೋಡಕ್ಕಾಗ್ಲಿಲ್ಲ," ಎನ್ನುತ್ತಾರೆ ಕಾವಲಿನ ದಾಸಯ್ಯ. ಬಿತ್ತನೆ ಬೀಜವನ್ನು ಬಚ್ಚಲೊಲೆಯ ಬಿಸಿಗೆ ಇಟ್ಟು ಮೊಳಕೆ ಬರಿಸುವುದು ಇಲ್ಲಿ ಅಜ್ಜನ ಕಾಲದ ರೂಢಿ.

ಸರ್ವಮಂಗಳಾ ಸಂಶೋಧನಾ ಕೇಂದ್ರವೊಂದರ ಹೊಲದ ಸಹಾಯಕಿ. ಇಲ್ಲಿನ ಹಳೇ ಕೆಂಪು ಭತ್ತ ತಣ್ಣನೆ ಕೆಸರಲ್ಲೂ ಮೊಳೆಯುತ್ತದೆ, ಇಳುವರಿ ಕಡಿಮೆ. ಹೊಸ ತಳಿಗೆ ತೆನೆ ಭಾರ, ಚಳಿ ಬಿದ್ದರೆ ಬೀಜ ಕೆಸರಲ್ಲೇ ಕೊಳೆಯುತ್ತದೆ. ಎರಡನ್ನೂ ಕೂಡಿಸಿ ಪಡೆದ ಸಂತತಿಗಳಲ್ಲಿ ಚಳಿ ತಡೆಯುವ ಗುಣ ಯಾವುದಕ್ಕೆ ಇಳಿದಿದೆಯೋ ಕಾಳು ನೋಡಿದರೆ ತಿಳಿಯದು. ಅದು ಒಂದೇ ಜೀನಿನ ಕೆಲಸವಲ್ಲ, ಹಲವು ಜೀನುಗಳು ಸ್ವಲ್ಪ ಸ್ವಲ್ಪ ಕೈಜೋಡಿಸಬೇಕು. ಹಳ್ಳದ ಚಳಿಯಲ್ಲಿ ತಾನಾಗಿ ಮೊಳೆತದ್ದರ ಎಲೆ ಲ್ಯಾಬಿಗೆ ಹೋಗುತ್ತದೆ. ಆ ಜೀನುಗಳನ್ನು ಅಲ್ಲಿ ಹುಡುಕುತ್ತಾರೆ. ಬೆಚ್ಚಗಿಟ್ಟರೆ ಎಲ್ಲವೂ ಮೊಳೆಯುತ್ತವೆ, ಹುಡುಕಲು ಏನೂ ಉಳಿಯುವುದಿಲ್ಲ.

"ಹೋದ ವರ್ಷ ನಮ್ಮತ್ತೆ ಕಂಬಳಿ ಹೊದ್ಸಿದ್ರು. ಅದರ ಹಿಂದಿನ ವರ್ಷ ಎಸ್ಟೇಟಲ್ಲಿ ಲೆಕ್ಕ ಬರಿಯೋ ರೈಟರ್ ಪುಣ್ಯಾತ್ಮ ಬಿಸಿನೀರು ಹೊಯ್ದ. ಹಂದಿ ಕಾಟ ತಡೀಬಹುದು ಮಾರಾಯ್ರೆ, ಇವರ ಕನಿಕರ ತಡಿಯಕ್ಕಾಗಲ್ಲ," ಎಂದು ಕೆಲಸ ನೋಡಲು ಬಂದ ನನ್ನತ್ತ ತಿರುಗುತ್ತಾರೆ ಸರ್ವಮಂಗಳಾ.

ಈಗ ಪ್ರತಿ ಸಂತತಿಗೂ ಉಳಿದಿರುವುದು ಒಂದೊಂದು ಹಿಡಿ ಬೀಜ. ಇದೂ ಕೆಟ್ಟರೆ ಈ ಸಂತತಿಗಳನ್ನೇ ಕೈಬಿಡುವುದಾಗಿ ಕೇಂದ್ರದವರು ಹೇಳಿದ್ದಾರೆ. ಗೊಣಗುತ್ತಲೇ ಸರ್ವಮಂಗಳಾ ಆ ಬೀಜವನ್ನು ಟ್ರೇಗಳಿಗೆ ಹರಡಿ ಹಳ್ಳಕ್ಕಿಳಿಸುತ್ತಾರೆ. ಕಾಯಲು ಮತ್ತೆ ದಾಸಯ್ಯನೇ, ಬೇರೆ ಯಾರಿದ್ದಾರೆ?

ಮುಂದಿನ ವಾರ ನಾನು ಮತ್ತೆ ಹೋದಾಗಲೂ ಹಳ್ಳದ ಮೇಲೆ ಮಂಜು. ಬಹುಪಾಲು ಟ್ರೇಗಳು ಕಲ್ಲಿನಂತೆ ಸುಮ್ಮನಿವೆ. ಒಂದರಲ್ಲಿ ಮಾತ್ರ ಕಾಳುಗಳ ತುದಿಗೆ ಸೂಜಿಮೊನೆಯಷ್ಟು ಬಿಳುಪು. ಸರ್ವಮಂಗಳಾ ಮುಟ್ಟುವುದಿಲ್ಲ, ಬಗ್ಗಿ ನೋಡುತ್ತಲೇ ಇದ್ದಾರೆ. ಏನು ಬಯಸುತ್ತೀರಿ ಎಂದು ಕೇಳುತ್ತೇನೆ.

"ಇವಕ್ಕೆ ಯಾರೂ ಪಾಪ ಅನ್ದೆ ಒಂದು ಚಳಿಗಾಲ ಕಳದ್ರೆ ಸಾಕು."

ದಂಡೆಯ ಮೇಲೆ ಜಪ ಮಾಡುತ್ತಾ ಕೂತ ದಾಸಯ್ಯ, ಮೊಳೆಯದ ಟ್ರೇಗಳತ್ತ ಒಮ್ಮೆ ನೋಡಿ, ತನ್ನ ಕಂಬಳಿಯನ್ನು ತನಗೇ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ.