ಎಸ್ಟೇಟ್ ಗಂಟಲು

ನನ್ನ ಗಂಟಲು ದೊಡ್ಡದು. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುವುದು ವಾಸಿ. ಕುಶಾಲನಗರದಿಂದ ಶಿರಂಗಾಲದ ಕಡೆಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದು ಜೋಳದ ಹೊಲ ಶುರುವಾಗುವ ಸಂದಿಯಲ್ಲಿ ನಮ್ಮ ಲೇಔಟ್ ಇದೆ. ನೀವೇನಾದರೂ ನನ್ನನ್ನು ಹುಡುಕಿಕೊಂಡು ಬಂದರೆ ಮನೆ ನಂಬರ್ ವಿಚಾರಿಸಬೇಕಾಗಿಲ್ಲ. ಎರಡನೇ ಕ್ರಾಸಿನಲ್ಲಿ ಒಂದು ನಿಮಿಷ ಸುಮ್ಮನೆ ನಿಂತರೆ ಸಾಕು. ಒಳಗೆ ಕುಳಿತು ನಾನು ಹೆಂಡತಿಯನ್ನು ಕನ್ನಡಕ ಎಲ್ಲಿ ಎಂದು ಕೇಳುತ್ತಿರುತ್ತೇನೆ.

ತಪ್ಪು ನನ್ನದಲ್ಲ, ಕಸುಬಿನದು. ಮೂವತ್ತೆರಡು ವರ್ಷ ಕಕ್ಕಬೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಎಸ್ಟೇಟಿನ ರೈಟರ್ ಎಂದರೆ ಬರೆಯುವವನೆಂದು ಹೊರಗಿನವರು ತಿಳಿದಿರುತ್ತಾರೆ. ಬರೆಯುವುದು ಅರ್ಧ ಗಂಟೆಯ ಕೆಲಸ, ಉಳಿದ ಹೊತ್ತೆಲ್ಲ ಕೂಗುವುದೇ. ಬೆಳಿಗ್ಗೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಕೂಗಬೇಕು. ಕಾಫಿ ಹಣ್ಣಿನ ಪಿಕಿಂಗ್ ಸಮಯದಲ್ಲಿ ಈ ಗುಡ್ಡದಲ್ಲಿ ನಿಂತು ಆ ಗುಡ್ಡದ ಆಳುಗಳಿಗೆ ಯಾವ ಸಾಲು ಹಿಡಿಯಬೇಕೆಂದು ಹೇಳಬೇಕು. ಇದು ಮಳೆಯಿಲ್ಲದ ದಿನಗಳ ಮಾತು. ಮಳೆಗಾಲದ ನಾಲ್ಕು ತಿಂಗಳು ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿದ್ದರೆ, ಎದುರಿಗೆ ಕುಳಿತವರಿಗೆ ‘ಕಾಫಿ ಕುಡಿಯಿರಿ’ ಎನ್ನುವುದಕ್ಕೂ ಕೂಗಿಯೇ ಹೇಳಬೇಕು. ಅಷ್ಟು ವರ್ಷ ಕೂಗಿದ ಗಂಟಲು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡ ಮಾತ್ರಕ್ಕೆ ಸಣ್ಣದಾಗುವುದಿಲ್ಲ.

ಶಾಲೆಯಲ್ಲಿ ನಮ್ಮ ಮೇಷ್ಟ್ರು ಹ್ರಸ್ವ, ದೀರ್ಘ, ಪ್ಲುತ ಎಂದು ಸ್ವರಗಳನ್ನು ವಿಂಗಡಿಸಿ, ಕೋಳಿಯ ಕೂಗಿನಲ್ಲಿ ಈ ಮೂರೂ ಇವೆ ಎಂದು ತಾವೇ ಕೂಗಿ ತೋರಿಸುತ್ತಿದ್ದರು. ಪ್ಲುತ ದೂರದವರನ್ನು ಕರೆಯುವುದಕ್ಕೆ ಇರುವ ಸ್ವರ. ಬಯಲುಸೀಮೆಯ ಮಕ್ಕಳು ಅದನ್ನು ಪರೀಕ್ಷೆಗೆ ಓದಿ ಮರೆಯುತ್ತಾರೆ. ನಮಗೆ ಅದು ದಿನಬಳಕೆಯ ಸಾಮಾನು. ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ ಇರುವ ಊರಿನಲ್ಲಿ ನೆರೆಹೊರೆ ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ, ಕಿವಿಗೆ ಕೇಳುವಂಥದ್ದು. ಗಿಡ್ಡ ಕೂಗು ಹಾಕಿದರೆ ‘ಮನೆಯಲ್ಲಿದ್ದೀರಾ’ ಎಂದು. ಉದ್ದಕ್ಕೆ ಹಾಕಿದರೆ ‘ನಿಮ್ಮ ದನ ನಮ್ಮ ಗದ್ದೆಯಲ್ಲಿದೆ’ ಎಂದು. ತುಂಡು ತುಂಡಾಗಿ ಬಂದರೆ ಆನೆ. ಆಗ ಉತ್ತರ ಕೊಡದೆ ಮೊದಲು ಬಾಗಿಲು ಹಾಕಿಕೊಳ್ಳಬೇಕು.

ಇಂಥ ಗಂಟಲನ್ನು ತಂದು ಮೂವತ್ತು–ನಲವತ್ತರ ಸೈಟಿನಲ್ಲಿ ಇಟ್ಟರೆ ಏನಾಗಬೇಕೋ ಅದೇ ಆಯಿತು. ಬಂದ ಹೊಸದರಲ್ಲಿ ಒಂದು ದಿನ ನಲ್ಲಿ ರಿಪೇರಿಯ ಮಣಿಯನ್ನು ಗೇಟಿನಲ್ಲಿ ನಿಂತು ಕರೆದೆ. ಮೂರು ಜನ ಮಣಿಗಳು ಬಂದರು. ನಲ್ಲಿ ರಿಪೇರಿ ಬರುತ್ತಿದ್ದ ಮಣಿ ಮಾತ್ರ ಅವತ್ತು ಊರಲ್ಲಿರಲಿಲ್ಲ. ಇಲ್ಲಿ ಗೋಡೆಗೆ ಗೋಡೆ ತಾಗಿದೆ. ನಮ್ಮ ಕುಕ್ಕರಿನ ಮೂರನೇ ವಿಸಿಲ್ಲಿಗೆ ಪಕ್ಕದ ಮನೆಯವರು ತಮ್ಮ ಒಲೆ ಆರಿಸಿ, ಅರೆಬೆಂದ ಬೇಳೆ ಉಂಡದ್ದೂ ಉಂಟು. ಆ ಪಕ್ಕದ ಮನೆಯವರೇ ಶಾಂತಪ್ಪ. ಶಿರಂಗಾಲದ ರೈತರು, ಜಮೀನನ್ನು ಮಗನಿಗೆ ವಹಿಸಿ ಇಲ್ಲಿಗೆ ಬಂದವರು. ಕಾಂಪೌಂಡಿನ ಪಕ್ಕದಲ್ಲಿ ನಾಲ್ಕು ಬದನೆ ಗಿಡ ಹಾಕಿಕೊಂಡು, ಅವಕ್ಕೂ ಕೇಳಿಸದಷ್ಟು ಮೆಲ್ಲಗೆ ಮಾತನಾಡುತ್ತಾರೆ.

ನನ್ನ ಹೆಂಡತಿ ಪುಷ್ಪಾವತಿಗೆ ಈ ಗೋಡೆಗಳೆಂದರೆ ಪ್ರಾಣ. ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಮಾತಿಗೆ ಇನ್ನೊಂದು ಹೆಣ್ಣು ಜೀವ ಬೇಕಾದರೆ ಅವಳು ಒಂದೂವರೆ ಮೈಲಿ ನಡೆಯಬೇಕಿತ್ತು. ಇಲ್ಲಿ ಕರಿಬೇವು ಬೇಕೆಂದರೆ ಕೈ ಚಾಚಿದರೆ ಆಯಿತು. ಶಾಂತಪ್ಪನವರ ಹೆಂಡತಿಗೆ ಇವಳು ಎಳೆಬಿದಿರಿನ ಕಣಿಲೆ ಪಲ್ಯ ಕಲಿಸಿ, ಅವರಿಂದ ಮುದ್ದೆ ಕಟ್ಟುವುದನ್ನು ಕಲಿತಳು. ಸಂಜೆ ಐದೂವರೆಗೆ ನಾಲ್ಕು ಜನ ಹೆಂಗಸರು ವಾಕಿಂಗ್ ಹೊರಡುತ್ತಾರೆ, ಕಾಲಿಗಿಂತ ಬಾಯಿಗೆ ಹೆಚ್ಚು ವ್ಯಾಯಾಮ. ಅರವತ್ತನೇ ವಯಸ್ಸಿನಲ್ಲಿ ಅವಳಿಗೆ ಗೆಳತಿಯರು ಸಿಕ್ಕಿದರು. ನನಗೋ, ಬೆಳಿಗ್ಗೆ ಎದ್ದರೆ ಹಾಜರಿ ಕೂಗಲು ಯಾರೂ ಇಲ್ಲ.

ಹಾಗಿರುವಾಗ ನನ್ನ ಚಿಕ್ಕಪ್ಪನ ಮಗ ದಯಾನಂದ ಫೋನ್ ಮಾಡಿದ. ಕಕ್ಕಬೆಯಲ್ಲಿ ಅವನದೊಂದು ಹೋಂಸ್ಟೇ ಇದೆ. ಬಂದ ಗೆಸ್ಟುಗಳಿಗೆ ತೋಟ ತೋರಿಸಿ, ಕಾಫಿಯ ವಿಷಯ ಹೇಳುವುದಕ್ಕೆ ಅನುಭವಸ್ಥರೊಬ್ಬರು ಬೇಕು, ಇರುವುದಕ್ಕೆ ತೋಟದ ಅಂಚಿನಲ್ಲಿ ಸಣ್ಣ ಮನೆ ಕೊಡುತ್ತೇನೆ, ಲೇಔಟಿನ ಮನೆ ಮಾರಿ ಬಂದುಬಿಡಿ ಎಂದ. ನನಗೆ ಒಳಗೊಳಗೇ ಕುಣಿಯುವಂತಾಯಿತು. ಪುಷ್ಪಾವತಿಗೆ ಹೇಳಬೇಕಿತ್ತು. ಹೇಳಲಿಲ್ಲ. ಎಲ್ಲ ಗಟ್ಟಿಯಾದ ಮೇಲೆ ಹೇಳಿದರಾಯಿತೆಂದು ಅವಳು ವಾಕಿಂಗ್ ಹೋದ ಹೊತ್ತು ನೋಡಿ ದಿನಾ ಸಂಜೆ ಜಗಲಿಯಲ್ಲಿ ಕುಳಿತು ದಯಾನಂದನ ಜೊತೆ ಮಾತುಕತೆ ನಡೆಸಿದೆ.

ಗುಟ್ಟಿಗೆ ನಾನು ಹೂಡಿದ ಉಪಾಯವನ್ನೂ ಹೇಳಬೇಕು. ಎಸ್ಟೇಟಿನಲ್ಲಿ ಗುಟ್ಟು ಮಾತನಾಡಲು ಬಾಗಿಲು ಹಾಕಬೇಕಿರಲಿಲ್ಲ, ಭಾಷೆ ಬದಲಾಯಿಸಿದರೆ ಸಾಕಿತ್ತು. ತಮಿಳು ಆಳುಗಳಿಗೆ ತಿಳಿಯಬಾರದ್ದನ್ನು ತುಳುವಿನಲ್ಲಿ, ತುಳುವಿನ ಡ್ರೈವರಿಗೆ ತಿಳಿಯಬಾರದ್ದನ್ನು ಮಲಯಾಳದಲ್ಲಿ ಹೇಳುತ್ತಿದ್ದೆವು. ತೀರಾ ಮುಖ್ಯವಾದದ್ದಕ್ಕೆ ನಮ್ಮ ಮನೆಮಾತು ಅರೆಭಾಷೆ ಇತ್ತು. ಅದರಲ್ಲಿ ‘ಇದೆ’ ಎನ್ನುವುದಕ್ಕೆ ‘ಉಟ್ಟು’ ಎನ್ನುತ್ತೇವೆ. ಆ ಒಂದು ಉಟ್ಟಿನ ಹಿಂದೆ ಅಡಗಿ ಕುಳಿತರೆ ಲೋಕಕ್ಕೆ ನಾನು ಕಾಣಿಸುವುದೇ ಇಲ್ಲವೆಂದು ಬಲವಾಗಿ ನಂಬಿದ್ದೆ. ಆದ್ದರಿಂದ ಮನೆ ಮಾರುವ ವಿಚಾರವನ್ನೆಲ್ಲ ಅರೆಭಾಷೆಯಲ್ಲಿ, ಗುಡ್ಡದಿಂದ ಗುಡ್ಡಕ್ಕೆ ಹೇಳುವ ಗಂಟಲಿನಲ್ಲಿ, ಇಪ್ಪತ್ತು ದಿನ ನೆಮ್ಮದಿಯಾಗಿ ಮಾತನಾಡಿದೆ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಶಾಂತಪ್ಪ ಬದನೆ ಗಿಡಗಳ ಮಧ್ಯದಿಂದ ತಲೆ ಎತ್ತಿದರು.

“ಮಾರೋದೇ ಆದ್ರೆ ನಂಗೊಂದ್ ಮಾತು ಹೇಳಿ ಸಾರ್. ನಮ್ ತಂಗಿ ಈ ಕಡೆ ಮನೆ ನೋಡ್ತಾವ್ಳೆ.”

“ಏನು ಮಾರೋದು?”

“ಮನೇನ. ಕಕ್ಕಬೆಗೆ ಹೋಗ್ತಿದ್ದೀರಲ್ಲ.”

“ಯಾರು ಹೇಳಿದ್ದು ನಿಮಗೆ?”

“ನೀವೇ. ದಿನಾ ಸಂಜೆ ಹೇಳ್ತಾನೇ ಇದ್ದೀರಿ.”

“ನಾನು ಮಾತಾಡಿದ್ದು ಅರೆಭಾಷೆಯಲ್ಲಿ ಮಾರಾಯ್ರೆ!”

“ಅದೂ ಕನ್ನಡವೇ ಅಲ್ವಾ ಸಾರ್?” ಎಂದರು ಶಾಂತಪ್ಪ, ನನಗೆ ನೋವಾಗದಂತೆ, ಬಲು ಮೆಲ್ಲಗೆ.

ಆ ಕ್ಷಣದಲ್ಲಿ ಮೂವತ್ತೆರಡು ವರ್ಷದ ಎಸ್ಟೇಟ್ ಗುಟ್ಟುಗಳೆಲ್ಲ ನನ್ನ ಕಣ್ಣ ಮುಂದೆ ಬಂದು ನಿಂತವು. ಆ ತಮಿಳು ಆಳುಗಳು, ಆ ಡ್ರೈವರು, ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ರೈಟರ್ ಬೇಜಾರು ಮಾಡಿಕೊಳ್ಳಬಾರದೆಂದು ಮುಖ ಆಚೆ ತಿರುಗಿಸಿಕೊಂಡಿದ್ದರು, ಅಷ್ಟೇ. ಆದರೆ ಈಗ ಹೆದರಿಕೆಯಾದದ್ದು ಅದಕ್ಕಲ್ಲ. “ವಾಕಿಂಗ್ ಹೋಗುವವರಿಗೆ ಎಲ್ಲಿಯವರೆಗೆ ಕೇಳಿಸುತ್ತೆ?” ಎಂದು ಕೇಳಿದೆ. ಶಾಂತಪ್ಪ ಬದನೆ ಎಲೆಯೊಂದನ್ನು ತಿರುವಿ ಹುಳ ಹುಡುಕಲು ತೊಡಗಿದರು. ಆಮೇಲೆ, “ಹಾಲಿನ ಬೂತಿನವರೆಗೂ ಚೆನ್ನಾಗಿ ಕೇಳ್ತದೆ” ಎಂದರು. ಹಾಲಿನ ಬೂತು ಇರುವುದು ನಾಲ್ಕನೇ ಕ್ರಾಸಿನಲ್ಲಿ. ಹೆಂಗಸರು ಕಾಲು ನೋವೆಂದು ಕುಳಿತುಕೊಳ್ಳುವುದು ಅಲ್ಲೇ.

ನಮ್ಮ ನಲ್ಲಿಯ ಪಕ್ಕದಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕರಿಬೇವಿನ ಸಸಿ ಇತ್ತು. ಎಷ್ಟು ದಿನ ಅಂತ ಗೋಡೆಯಾಚೆ ಕೈ ಚಾಚುತ್ತೀರಿ, ನಿಮ್ಮದೇ ಒಂದು ಇರಲಿ ಎಂದು ಶಾಂತಪ್ಪನವರ ಹೆಂಡತಿ ಕೊಟ್ಟದ್ದು. ಸಸಿ ಬಂದ ದಿನವೇ ಪುಷ್ಪಾವತಿ ಅಡುಗೆಮನೆಯ ಕಿಟಕಿಯ ಕೆಳಗೆ ಅದಕ್ಕೆ ಜಾಗ ಗುರುತು ಮಾಡಿದ್ದಳು. ನೆಟ್ಟಿರಲಿಲ್ಲ. ದಿನಾ ಚೀಲಕ್ಕೇ ನೀರು ಹಾಕುತ್ತಿದ್ದಳು. ಯಾಕೆ ನೆಡಲಿಲ್ಲ ಎಂದು ನಾನೇ ಒಮ್ಮೆ ಕೇಳಿದ್ದಕ್ಕೆ, “ನೋಡುವಾ” ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು. ಆ ‘ನೋಡುವಾ’ ಏನೆಂದು ಈಗ ತಿಳಿಯಿತು. ಇಪ್ಪತ್ತು ದಿನ ಅವಳು ನಾನು ಬಾಯಿಬಿಟ್ಟು ಹೇಳುವುದನ್ನೇ ಕಾಯುತ್ತಿದ್ದಳು. ಇಡೀ ಲೇಔಟಿಗೆ ಹೇಳಿದ ಮಾತನ್ನು ಅವಳೊಬ್ಬಳಿಗೆ ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಜೋರು ಗಂಟಲಿನವನಿಗೆ ಮುಚ್ಚುಮರೆ ಗೊತ್ತಿಲ್ಲವೆಂದು ನನ್ನ ಬಗ್ಗೆ ನಾನೇ ಹೆಮ್ಮೆಪಟ್ಟುಕೊಂಡಿದ್ದೆ. ಮೆತ್ತಗೆ ಹೇಳಬೇಕಾದ ಒಂದೇ ಮಾತನ್ನು ನುಂಗಿಬಿಟ್ಟಿದ್ದೆ.

ಅವತ್ತಿಡೀ ದಿನ ಅವಳ ಎದುರು ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಸಂಜೆ ಅವಳು ಚಪ್ಪಲಿ ಮೆಟ್ಟಿ ಹೊರಟ ಮೇಲೆ ದಯಾನಂದನಿಗೆ ಫೋನ್ ಮಾಡಿದೆ. ಪಾಠ ಕಲಿತಿದ್ದೆನಲ್ಲ, ಒಳಗಿನ ಕೋಣೆಗೆ ಹೋಗಿ ಕಿಟಕಿ ಹಾಕಿ, ಜೀವಮಾನದಲ್ಲೇ ಮೊದಲ ಸಲ ಪಿಸುಮಾತಿನಲ್ಲಿ ಹೇಳಿದೆ.

“ಅಣ್ಣಾ, ಕೇಳುದಿಲ್ಲ. ಇಲ್ಲಿ ಮಳೆ. ಜೋರು ಹೇಳಿ,” ಎಂದ ಅವನು. ಅವನ ಅರೆಭಾಷೆಯನ್ನು ನಿಮಗೋಸ್ಕರ ತಿರುಗಿಸಿ ಹೇಳುತ್ತಿದ್ದೇನೆ. ಶಾಂತಪ್ಪನವರಿಗಾದರೆ ಅದೂ ಬೇಕಿರಲಿಲ್ಲ.

ಇನ್ನೊಮ್ಮೆ ಹೇಳಿದೆ. ಕೇಳಲಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದು ಫೋನಿನಲ್ಲಿ ನನಗೂ ಕೇಳಿಸುತ್ತಿತ್ತು. ಆ ಸದ್ದಿಗೆ ಒಂದು ಗಳಿಗೆ ಮನಸ್ಸು ಮೆತ್ತಗಾದದ್ದು ಸುಳ್ಳಲ್ಲ. ಆಮೇಲೆ ಜಗಲಿಗೆ ಬಂದು ನಿಂತೆ. ಎದೆ ತುಂಬ ಉಸಿರು ತೆಗೆದುಕೊಂಡೆ. ಹಾಜರಿ ಕೂಗುವ ಗಂಟಲಿನಲ್ಲಿ, ಯಾವ ಭಾಷೆಯ ಹಿಂದೆಯೂ ಅಡಗದೆ, ಅಚ್ಚ ಕನ್ನಡದಲ್ಲಿ ಕೂಗಿದೆ. “ನಾವು ಬರೋದಿಲ್ಲ ದಯಾನಂದಾ! ಮನೆ ಮಾರೋದಿಲ್ಲ! ಪುಷ್ಪಾವತಿಗೆ ಇಲ್ಲೇ ಇಷ್ಟ!” ನಾಲ್ಕನೇ ಕ್ರಾಸಿನಲ್ಲಿ ನಾಯಿಯೊಂದು ಬೊಗಳಿತು. ಎದುರು ಮನೆಯ ಟಿವಿಯ ಸದ್ದು ತಗ್ಗಿತು.

ಅಂದು ವಾಕಿಂಗ್ ಬೇಗ ಮುಗಿಯಿತು. ಪುಷ್ಪಾವತಿ ಗೇಟು ತೆರೆದು ಬಂದಳು. ದಾರಿಯುದ್ದಕ್ಕೂ ನಕ್ಕ ಕಳೆ ಮುಖದಲ್ಲಿ ಇನ್ನೂ ಇತ್ತು, ಕಣ್ಣು ಮಾತ್ರ ಒದ್ದೆ. ನಾನು ಜಗಲಿಯಿಂದ ಇಳಿದು, ಇಷ್ಟು ದಿನ ಹೇಳಬೇಕಾಗಿದ್ದುದನ್ನು ಮೆಲ್ಲಗೆ ಶುರು ಮಾಡಿದೆ. “ನೋಡು, ನಿನ್ನ ಹತ್ತಿರ ಒಂದು ವಿಷಯ...”

“ಗೊತ್ತುಟ್ಟು,” ಎಂದಳು.

ಆಮೇಲೆ ನಲ್ಲಿಯ ಹತ್ತಿರ ಹೋಗಿ ಕರಿಬೇವಿನ ಸಸಿಯನ್ನು ಎತ್ತಿಕೊಂಡು, ಗುದ್ದಲಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು. ಅವಳು ಕೇಳಿದ್ದು ತೀರಾ ಸಣ್ಣ ದನಿಯಲ್ಲಿ. ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಗೋಡೆಯ ಆ ಕಡೆಯಿಂದ ಶಾಂತಪ್ಪನವರ ಕೈ ಒಂದು ಗುದ್ದಲಿಯನ್ನು ಈಚೆಗೆ ನೀಡಿತು.