ಭಟ್ಟಿಗೆ ಹೋದ ಪೀಚ್ ಕಾಬ್ಲರ್

ನಾಳೆ ಪೀಚ್ ಹಣ್ಣಿನ ಕಾಬ್ಲರ್ ಅನ್ನೋ ವಿದೇಶಿ ಸಿಹಿತಿಂಡಿ ಮಾಡಿ ತರತೀನಿ ಅಂತ ಆಫೀಸಿನಾಗ ಜಂಬ ಕೊಚ್ಚಿಕೊಂಡಿದ್ದೆ. ಮನಿಯಾಗ ಓವನ್ ಇರಲಿಲ್ಲ. ದೀಪಾವಳಿಗೆ ನಮ್ಮ ನಾನಖಟಾಯಿ ಬೇಯಿಸಿ ಕೊಡೋ ಶಿವಾಜಿನಗರದ ಬೇಕರಿಗೇ ಬ್ಯಾಸಗಿಯಾಗ ಹಸಿ ಕಾಬ್ಲರಿನ ಟ್ರೇ ಹೊತ್ತುಕೊಂಡು ಹೋದೆ.

ಅಲ್ಲಿ ಪಾವ್ ಬೇಯಿಸೋ ಭಟ್ಟಿ ನೋಡಿಕೊಳ್ಳೋ ಚಾಚಾ ಮರಾಠಿಯೊಳಗ ಕೇಳಿದ್ರು, “ಹಣ್ಣು ಕೆಳಗ, ಹಿಟ್ಟು ಮ್ಯಾಲೆ? ಉಲ್ಟಾ ಆಗೇದಲ್ಲ ಅಕ್ಕಾ?”

“ಅದು ಹಂಗ ಇರೋದ್ರಿ. ಮುಟ್ಟಬ್ಯಾಡ್ರಿ.”

“ರಸ ಭಟ್ಟಿಯಾಗ ಚೆಲ್ಲಿದ್ರ?”

“ನಾನ ಒರಸ್ತೀನಿ.”

ಅವರ ಪಾವ್ ಎಲ್ಲಾ ಮುಗಿಯೋತನಕ ಎರಡು ತಾಸು ಬಾಗಿಲದಾಗ ನಿಂತೆ. ಕಡೀಕೆ ಟ್ರೇ ಹೊಂಬಣ್ಣ ಆಗಿ ಹೊರಗ ಬಂತು. ಚೀಲ ತಗೊಳ್ಳಾಕ ಆಕಡೆ ತಿರುಗಿದೆ, ಅಷ್ಟ. ಚಾಚಾ ಕೇಕಿನ ರೂಢಿಯಿಂದ ಅದನ್ನ ದೊಡ್ಡ ತಾಟಿನ್ಯಾಗ ಬೋರಲು ಹಾಕಿ, ತಳ ತಟ್ಟಿ ನಕ್ಕರು, “ಈಗ ಸರಿ ಆತು ನೋಡ್ರಿ!”

ಮರುದಿನ ಆಫೀಸಿನಾಗ ತಾಟು ಖಾಲಿ ಮಾಡಿ ಎಲ್ಲಾರೂ ರೆಸಿಪಿ ಕೇಳಿದ್ರು. ಬರದು ಕೊಟ್ಟೆ. ಕಡೀ ಸಾಲು: ಬಿಸಿ ಇದ್ದಾಗಲೇ ಬೋರಲು ಹಾಕಬೇಕು, ಮರೀಬಾರದು.