ಹಾಯಿ ಉಬ್ಬಿದ ಆ ಒಂದು ಗಳಿಗೆ

ಕ್ರೈಸ್ಟ್‌ಚರ್ಚಿನ ನಮ್ಮ ಬೀದಿಯ ಚಂದ್ರಮೌಳಿ ಅಂಕಲ್, ಭೂಕಂಪದ ನಂತರ ಸೇತುವೆ ಕಟ್ಟಲು ಮೈಸೂರಿನಿಂದ ಬಂದ ಎಂಜಿನಿಯರ್. ಬಂದ ಹೊಸದರಲ್ಲಿ ಹತ್ತಿರದ ಅಕರೋವಾ ಬಂದರಿಗೆ ಹೋಗಿ, ಹಿಂದೆ ಫ್ರೆಂಚರು ಹಡಗಿನಲ್ಲಿ ಬಂದು ಅಲ್ಲಿ ನೆಲೆಸಿದ ಕತೆ ಕೇಳಿದ್ದೇ ಕೇಳಿದ್ದು, ಹಾಯಿಹಡಗಿನ ಹುಚ್ಚು ಹಿಡಿದುಬಿಟ್ಟಿತು! ನಿವೃತ್ತರಾದ ಮೇಲೆ ಗ್ಯಾರೇಜಿನಲ್ಲಿ ‘ಎತ್ವಾಲ್’ ಎಂಬ ಫ್ರೆಂಚ್ ಯುದ್ಧನೌಕೆಯ ಮಾದರಿ ಕಟ್ಟತೊಡಗಿದರು. ಮೊಳದುದ್ದದ ಹಡಗು, ಬೆಂಕಿಕಡ್ಡಿಯಷ್ಟು ಫಿರಂಗಿಗಳು, ಹಾಯಿ ಮಾತ್ರ ಅಂಕಲ್ ಮದುವೆಯ ಪಂಚೆಯದು! ನಾನು ಯೂನಿವರ್ಸಿಟಿಯಿಂದ ಬರುತ್ತಾ ಇಣುಕಿದರೆ ಸಾಕು, ಹಡಗಿನ ಜಾತಕವೇ ಬಿಚ್ಚಿಕೊಳ್ಳುತ್ತಿತ್ತು.

“ಫ್ರೆಂಚರ ಬ್ರೆಸ್ಟ್ ಬಂದರಲ್ಲಿ ಹುಟ್ಟಿದೋಳು ಕಣಮ್ಮಾ ಅನನ್ಯಾ. ಇಂಗ್ಲಿಷ್‌ನೋರ ಜೊತೆ ಹೊಡೆದಾಡಿ ಹೊಡೆದಾಡಿ ಅವರ ಕೈಗೇ ಸಿಕ್ಕಿಬಿದ್ಲು. ಅವ್ರು ಹೆಸರು ಬದಲಾಯಿಸಿ ಫ್ರೆಂಚರ ಮೇಲೇ ಛೂ ಬಿಟ್ರು!”

“ಆಮೇಲೆ ಅಂಕಲ್?”

“ವಯಸ್ಸಾಯ್ತು. ಹಾಯಿಕಂಬ ಕಿತ್ತು, ಬಂದರಲ್ಲಿ ಕಟ್ಟಿಹಾಕಿ, ಜೈಲು ಮಾಡ್ಕೊಂಡ್ರು. ನಾನು ಮಾತ್ರ ಹರೆಯದಲ್ಲಿದ್ದ ಹಾಗೇ ಕಟ್ಟೋದು.”

ಹೆಂಡತಿ ಕಾತ್ಯಾಯಿನಿ ಆಂಟಿ ಒಳಗಿಂದಲೇ ಕೂಗುತ್ತಿದ್ದರು: “ನನ್ನ ಹರೆಯ ಇವ್ರ ಕಣ್ಣಿಗೆ ಬಿದ್ದೇ ಇಲ್ಲ ನೋಡು!”

ಅಂಕಲ್‌ಗೆ ಕೈ ನಡುಗಲು ಶುರುವಾಗಿತ್ತು, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿತ್ತು. ಕೈ ಮಾತು ಕೇಳುತ್ತಿರುವಾಗಲೇ ಹಡಗು ಮುಗಿಯಬೇಕು. ಕೊನೆಯ ಹಾಯಿಗೆ ಅಂಕಲ್ ಗಂಟು ಹಾಕುವಾಗ ನಾನೂ ಆಂಟಿಯೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಬಿತ್ತು ಗಂಟು!

ಮರುದಿನವೇ ಆಯುಧಪೂಜೆ. ಸುತ್ತಿಗೆ, ಡ್ರಿಲ್, ಕಾರಿನ ಕೀಲಿಗಳ ನಡುವೆ ಎತ್ವಾಲ್, ಮೂತಿಗೆ ಕುಂಕುಮ.

“ರೀ, ಬಾಗಿಲು ತೆಗೀರಿ. ಕರ್ಪೂರಕ್ಕೆ ಸ್ಮೋಕ್ ಅಲಾರಂ ಬಡ್ಕೊಳ್ಳತ್ತೆ.”

ಇಲ್ಲಿ ನಮ್ಮವರೆಲ್ಲ ಮಂಗಳಾರತಿಗೆ ಮುಂಚೆ ಮಾಡುವುದೇ ಅದು. ಅಂಕಲ್ ಗಾಜಿನ ಬಾಗಿಲು ಸರಿಸಿದರು. ಇಲ್ಲಿ ದಸರೆ ಬರುವುದೇ ವಸಂತದಲ್ಲಿ. ಆ ಕಾಲದ ಬಿಸಿಗಾಳಿ, ಊರವರು ನಾರ್‌ವೆಸ್ಟರ್ ಎನ್ನುವ ಗಾಳಿ, ಒಳನುಗ್ಗಿತು. ಒಮ್ಮೆಲೇ ಹಾಯಿಗಳೆಲ್ಲ ಉಬ್ಬಿದವು!

“ಹೊರಟ್ಲು ನೋಡ್ರೇ!” ಅಂಕಲ್ ಕೂಗಿದರು. ನಾನು ಚಪ್ಪಾಳೆ ತಟ್ಟಿದೆ. ಅದೇ ಗಾಳಿ ಆಂಟಿ ಆಗಲೇ ಹಚ್ಚಿದ್ದ ಆರತಿಯ ಜ್ವಾಲೆಯನ್ನೂ ಹಾಯಿಯತ್ತ ಬಗ್ಗಿಸಿತು.

ಹಳೇ ಪಂಚೆ, ನೂಲು. ಎಷ್ಟು ಹೊತ್ತು ತಡೆದೀತು? ಭಗ್ಗನೆ ಹೊತ್ತಿಕೊಂಡಿತು. ತಟ್ಟೆ ಹಿಡಿದ ಆಂಟಿ ಕದಲಲೇ ಇಲ್ಲ. ಅಂಕಲ್ ಪಂಚಪಾತ್ರೆ ಎತ್ತಿದರು. ಕೈ ನಡುಗಿ ನೀರೆಲ್ಲ ನೆಲಕ್ಕೆ. ನಾನು ಬಕೆಟ್ ತರುವಷ್ಟರಲ್ಲಿ ಕಂಬಗಳು ಕರಿಕಡ್ಡಿ. ಅಲಾರಂ ಆಗ ಬಡಿದುಕೊಳ್ಳತೊಡಗಿತು.

ಸಂಜೆ ಆಂಟಿ ದಾರದುಂಡೆ ತಂದರು. “ಹಾಯಿ ನಾನು ಹೊಲ್ಕೊಡ್ತೀನಿ ರೀ. ಗಂಟು ನೀವು ಹಾಕಿ.”

ಅಂಕಲ್ ದಾರದ ತುದಿ ಹಿಡಿಯಲು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಉಂಡೆಯನ್ನು ಆಂಟಿಯ ಮಡಿಲಿಗೇ ಇಟ್ಟರು.

“ಬಿಡೇ. ಕಂಬ ಹೋದ್ಮೇಲೂ ಬಹಳ ವರ್ಷ ತೇಲ್ತಿದ್ಲಂತೆ.”

ಬೋಳು ಹಡಗು ಈಗ ಕಿಟಕಿಯ ಬಳಿ ಇದೆ. ನಾರ್‌ವೆಸ್ಟರ್ ಬೀಸಿದರೆ ಅಂಕಲ್ ಎದ್ದು ಕಿಟಕಿ ಮುಚ್ಚಲು ಹೋಗುತ್ತಾರೆ. ಚಿಲಕ ಕೈಗೆ ಸಿಗುವುದಿಲ್ಲ. ಆಂಟಿ ಬಂದು ಹಾಕುತ್ತಾರೆ.